150 ಪದಗಳಲ್ಲಿ ಎಷ್ಟು ನಿಜ ಹೇಳಬಹುದು?

ಚೀನೀ ಭಾಷೆ ಕಲಿಯಲು ಹೋದವರಿಗೆ ಮೊದಲ ತಿಂಗಳಲ್ಲೇ ಎದುರಾಗುವ ಪ್ರಶ್ನೆ: ನಿಮ್ಮ ತಂದೆ ಏನು ಕೆಲಸ ಮಾಡುತ್ತಾರೆ? ಪುಣೆಯ ನಮ್ಮ ಕ್ಲಾಸಿನಲ್ಲಿ ಶಿರಸಿ ಕಡೆಯ ಹುಡುಗನೊಬ್ಬ ಸಲೀಸಾಗಿ ‘ಡಾಕ್ಟರು’ ಎಂದ. ಅವನಪ್ಪ ಅಡಿಕೆ ಬೆಳೆಗಾರರು. ಆಮೇಲೆ ಕೇಳಿದರೆ, ‘ಪುಸ್ತಕದಲ್ಲಿ ಇರೋದು ಡಾಕ್ಟರು, ಮೇಷ್ಟ್ರು, ವಿದ್ಯಾರ್ಥಿ ಮೂರೇ. ಅಪ್ಪನ್ನ ವಿದ್ಯಾರ್ಥಿ ಮಾಡ್ಲಿಕ್ಕೆ ಬರ್ತದಾ?’ ಎಂದು ನಕ್ಕ.

ಇದು ಸುಳ್ಳೇ? ನಾಟಕದಲ್ಲಿ ರಾಜನಾದವನು ಸುಳ್ಳುಗಾರನಲ್ಲ, ಅಭ್ಯಾಸದ ವಾಕ್ಯ ಹೇಳಿದವನೂ ಅಲ್ಲ ಎನ್ನಬಹುದು. ಆದರೆ ನಾಟಕ ನೋಡುವವರಿಗೆ ಅದು ನಾಟಕ ಎಂದು ಗೊತ್ತಿರುತ್ತದೆ. ನಮ್ಮ ಮೇಡಂಗೆ ಗೊತ್ತಿರಲಿಲ್ಲ. ಯಾವ ಆಸ್ಪತ್ರೆಯಲ್ಲಿ ಎಂದು ಮುಂದಿನ ಪ್ರಶ್ನೆ ಕೇಳಿದರು.

ಎಚ್‌ಎಸ್‌ಕೆ ಪರೀಕ್ಷೆಯ ಮೊದಲ ಹಂತದ ಹಳೆಯ ಪಟ್ಟಿಯಲ್ಲಿ 150 ಪದಗಳಿವೆ. (2021ರ ಹೊಸ ಮಾನದಂಡದಲ್ಲಿ ಮೊದಲ ಹಂತವೇ 500 ಪದಗಳದ್ದು.) ಆ ಪಟ್ಟಿಯನ್ನು ಒಂದು ಊರು ಎಂದುಕೊಂಡು ಸುತ್ತಿ ಬನ್ನಿ. ಅಪ್ಪ, ಅಮ್ಮ, ಮಗ, ಮಗಳು ಇದ್ದಾರೆ. ಅಣ್ಣ, ತಮ್ಮ, ಅಕ್ಕ, ತಂಗಿ ಇಲ್ಲ. ಡಾಕ್ಟರಿದ್ದಾರೆ, ಆಸ್ಪತ್ರೆಯಿದೆ, ಕಾಯಿಲೆ ಇಲ್ಲ. ಸಂತೋಷ ಇದೆ, ದುಃಖ ಇಲ್ಲ. ಏನು, ಯಾರು, ಎಲ್ಲಿ, ಹೇಗೆ, ಎಷ್ಟು ಎಂದು ಕೇಳಬಹುದು; ಏಕೆ ಎಂದು ಕೇಳಲು ಪದವಿಲ್ಲ. ‘ನಿಜ’ ಎಂಬುದೂ ಸಿಗುವುದು ಎರಡನೆಯ ಹಂತದಲ್ಲೇ.

ವ್ಯಾಕರಣವೂ ಸುಮ್ಮನಿರುವುದಿಲ್ಲ. ‘ನನಗೆ ಸಂತೋಷವಾಗಿದೆ’ ಎನ್ನಲು ‘ವೊ ಹೆನ್ ಕಾವ್‌ಶಿಂಗ್’ ಎನ್ನಬೇಕು. (ರೋಮನ್ ಲಿಪಿಯಲ್ಲಿ ‘ಜಿ’, ‘ಬಿ’ ಎಂದು ಬರೆದದ್ದು ಬಾಯಲ್ಲಿ ನಮ್ಮ ಕ, ಪ ಆಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಓದಿದವರಿಗೆ ಇದೊಂದು ಸುಲಭ.) ವೊ ಎಂದರೆ ನಾನು, ಕಾವ್‌ಶಿಂಗ್ ಎಂದರೆ ಸಂತೋಷ. ನಡುವಿನ ‘ಹೆನ್’ಗೆ ತುಂಬಾ ಎಂದರ್ಥ. ಅದನ್ನು ಬಿಟ್ಟರೆ ಮಾತು ಅರ್ಧಕ್ಕೆ ನಿಂತಂತೆ, ಇನ್ಯಾರಿಗೋ ಹೋಲಿಸಿಕೊಂಡಂತೆ ಕೇಳಿಸುತ್ತದೆ. ಹಾಗಾಗಿ ಸುಮಾರಾಗಿ ಇರುವ ದಿನವೂ ‘ತುಂಬಾ’ ಸಂತೋಷ ಎನ್ನಲೇಬೇಕು. ಇಲ್ಲಿ ಸುಳ್ಳೇನಿಲ್ಲ, ಆ ‘ತುಂಬಾ’ಕ್ಕೆ ತೂಕವಿಲ್ಲವೆಂದು ಆಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ‘ಡಾಕ್ಟರು’ ಎಂದಾಗ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ವ್ಯತ್ಯಾಸ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ.

ಇದನ್ನೆಲ್ಲ ಕ್ಲಾಸಿನ ತಮಾಷೆ ಎಂದು ಬಿಟ್ಟುಬಿಡಬಹುದಿತ್ತು, ನಮ್ಮ ಅಮ್ಮಂದಿರು ಇಲ್ಲದಿದ್ದರೆ. ಊರಿನ ಮನೆಗೆ ಬೀಗ ಹಾಕಿ ಪುಣೆಗೋ ಗುರುಗ್ರಾಮಕ್ಕೋ ಬಂದು ನಮ್ಮ ಫ್ಲಾಟುಗಳಲ್ಲಿ ಕೂತ ಅಮ್ಮಂದಿರ ಹಿಂದಿ 150 ಪದಗಳನ್ನೂ ಮುಟ್ಟುವುದಿಲ್ಲ. ಹೇಗಿದ್ದೀರಿ ಎಂದರೆ ‘ಠೀಕ್ ಹೈ’. ಊರು ಹಿಡಿಸಿತೇ ಎಂದರೆ ‘ಅಚ್ಛಾ ಹೈ’. ಪಕ್ಕದ ಮನೆಯವರು, ಆಂಟಿ ಬಹಳ ಸಮಾಧಾನಿ ಎನ್ನುತ್ತಾರೆ. ಕ್ಲಿನಿಕ್ಕಿನಲ್ಲಿ ಎಲ್ಲಕ್ಕೂ ‘ದರ್ದ್’ ಒಂದೇ. ಕನ್ನಡದಲ್ಲಾದರೆ ಅದೇ ಬಾಯಿ ಸೆಳೆತ ಬೇರೆ, ಉರಿ ಬೇರೆ, ಜೋಮು ಬೇರೆ, ಚುಚ್ಚಿದ ಹಾಗೆ ಆಗುವುದು ಬೇರೆ, ಹಿಂಡಿದ ಹಾಗೆ ಆಗುವುದು ಬೇರೆ ಎಂದು ಬಿಡಿಸಿ ಹೇಳುತ್ತದೆ. ಅಮ್ಮ ಸುಳ್ಳು ಹೇಳಲಿಲ್ಲ. ಡಾಕ್ಟರಿಗೆ ನಿಜವೂ ಸಿಗಲಿಲ್ಲ. ನಾವೇನು ಕಡಿಮೆಯವರಲ್ಲ, ಗೇಟಿನಲ್ಲಿ ಕೂತ ನೇಪಾಳದ ವಾಚ್‌ಮನ್ ಮೂರು ಪದ ಆಡಿದರೆ ಅವನ ಯೋಚನೆಯೂ ಮೂರೇ ಎಂದುಕೊಳ್ಳುತ್ತೇವೆ.

ಹೊಣೆ ಯಾರದ್ದು? ಒಂದು ಪಾಲು ಆಡುವವನದ್ದೇ. ‘ವೊ ಪು ಹುಯಿ ಶುವೊ’, ಅಂದರೆ ‘ನನಗೆ ಹೇಳಲು ಬರುವುದಿಲ್ಲ’. ಈ ನಾಲ್ಕೂ ಪದ ಮೊದಲ ಪಟ್ಟಿಯಲ್ಲೇ ಇವೆ. ತಂದೆಯ ಕೆಲಸ ಕೇಳುವ ಮೊದಲು ಈ ವಾಕ್ಯವನ್ನು ಕಲಿಸಬೇಕು ಎಂಬುದು ನನ್ನ ವಾದ. ಇದನ್ನು ಹೇಳಿದವನಿಗೆ ಮೇಡಂ ಬೋರ್ಡಿನ ಮೇಲೆ ‘ನೊಂಗ್‌ಮಿನ್’, ರೈತ, ಎಂದು ಬರೆದುಕೊಡುತ್ತಾರೆ.

ದೊಡ್ಡ ಪಾಲು ಮಾತ್ರ ಕೇಳುವವರದ್ದು, ನಡುವೆ ನಿಂತು ಅನುವಾದ ಮಾಡುವವರದ್ದು. ಅಮ್ಮನ ಜೊತೆ ಕ್ಲಿನಿಕ್ಕಿಗೆ ಹೋದ ಮಗನೋ ಮಗಳೋ ‘ದರ್ದ್ ಹೈ’ ಎಂದು ತಾವೇ ಮುಗಿಸಿಬಿಡುವ ಮೊದಲು, ಎಂಥ ನೋವಮ್ಮ ಎಂದು ಕನ್ನಡದಲ್ಲಿ ಕೇಳಿ, ಅಮ್ಮ ಹೇಳಿ ಮುಗಿಸುವ ತನಕ ಡಾಕ್ಟರನ್ನು ಕಾಯಿಸಬಹುದು. ಹೊರಗೆ ಟೋಕನ್ ಹಿಡಿದು ಕೂತವರು ಗೊಣಗಲಿ.