ಆಸೆ ಹುಟ್ಟಿಸುವವನ ಪಾಲು

ಮಾರಾಟ ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ವಸ್ತುವಿನ ಮೇಲೆ ಕಣ್ಣು ಬೀಳಬೇಕು, ಕುತೂಹಲ ಮೂಡಬೇಕು, ಬೇಕೆನಿಸಬೇಕು, ಆಮೇಲೆ ಕೈ ಕಿಸೆಗೆ ಹೋಗಬೇಕು. ಅಮೆರಿಕದ ಜಾಹೀರಾತುಗಾರ ಎಲ್ಮೋ ಲೂಯಿಸ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೇಳಿದನೆನ್ನಲಾಗುವ ಈ ಮೆಟ್ಟಿಲುಗಳೇ ಇಂದಿನ ಸೇಲ್ಸ್ ಫನಲ್‌ನ ಮೂಲ. ಈ ಆಲಿಕೆಯ ಮೇಲಿನ ಬಾಯಿಗೆ ನೂರಾರು ಮಂದಿ ಬಂದರೆ ತಳದಿಂದ ಇಳಿಯುವವರು ಬೆರಳೆಣಿಕೆಯಷ್ಟು. ಅದನ್ನು ಉತ್ತಮಪಡಿಸುವುದೆಂದರೆ ಯಾವ ಹಂತದಲ್ಲಿ ಜನ ಜಾರಿಹೋಗುತ್ತಾರೆಂದು ನೋಡಿ ಆ ಸೋರಿಕೆಯನ್ನು ತಡೆಯುವುದು. ಧರ್ಮದ ಪ್ರಶ್ನೆ ಏಳುವುದೂ ಅಲ್ಲೇ: ಇನ್ನೊಬ್ಬರ ಮನಸ್ಸಿನಲ್ಲಿ ಆಸೆ ಹುಟ್ಟಿಸುವ ಹಕ್ಕು ಮಾರುವವನಿಗೆ ಎಷ್ಟಿದೆ?

ಭಗವದ್ಗೀತೆಯ ಎರಡನೇ ಅಧ್ಯಾಯದ 62 ಮತ್ತು 63ನೇ ಶ್ಲೋಕಗಳು ಇದೇ ಮೆಟ್ಟಿಲುಗಳನ್ನು ಎಣಿಸುತ್ತವೆ. ವಿಷಯವನ್ನು ಮತ್ತೆ ಮತ್ತೆ ನೆನೆದರೆ ಅದರಲ್ಲಿ ಸಂಗ, ಸಂಗದಿಂದ ಕಾಮ. ಜಾಹೀರಾತಿನವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಗೀತೆಯದು ಮುಗಿಯುವುದಿಲ್ಲ. ಕಾಮದಿಂದ ಕ್ರೋಧ, ಕ್ರೋಧದಿಂದ ಮೋಹ, ಮೋಹದಿಂದ ಸ್ಮೃತಿಯ ಕೇಡು, ಅದರಿಂದ ಬುದ್ಧಿನಾಶ, ಕೊನೆಗೆ ಮನುಷ್ಯನೇ ಹಾಳು. ಹಣ ಕೈಸೇರಿದ ಕೂಡಲೇ ಮಾರುವವನು ನಕ್ಷೆ ಮಡಚಿಡುತ್ತಾನೆ. ಕೊಂಡವನು ಅದರ ಮೇಲೆ ಇನ್ನೂ ನಡೆಯುತ್ತಿರುತ್ತಾನೆ.

ಹಾಗೆಂದು ನಮ್ಮ ಪರಂಪರೆ ವ್ಯಾಪಾರವನ್ನು ಪಾಪವೆನ್ನಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಜಟೆಯಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ಕಾಲ ಅಲುಗಾಡದೆ ನಿಂತ ಜಾಜಲಿಗೆ ತಪಸ್ಸಿನ ಗರ್ವ ಬರುತ್ತದೆ. ಧರ್ಮ ತಿಳಿಯಲು ಅವನು ಹೋಗಬೇಕಾಗಿ ಬಂದದ್ದು ಕಾಶಿಯ ಅಂಗಡಿಕಾರ ತುಲಾಧಾರನ ಬಳಿಗೆ. ಅವನ ತಕ್ಕಡಿ ಎಲ್ಲರಿಗೂ ಸಮ, ಮಾತಿನಲ್ಲಿ ವಂಚನೆಯಿಲ್ಲ. ಹಲವು ಬಗೆಯ ರಸಗಳನ್ನು ಮಾರುತ್ತಾನೆ, ಮದ್ಯವನ್ನು ಮಾತ್ರ ಮುಟ್ಟುವುದಿಲ್ಲ. ತೂಕದ ಪ್ರಾಮಾಣಿಕತೆ ಅವನಿಗೆ ಸಾಲಲಿಲ್ಲ, ಏನನ್ನು ಮಾರಬೇಕೆಂಬ ಆಯ್ಕೆಯೂ ಅವನ ಧರ್ಮದ ಭಾಗ. ಈ ಎರಡನೆಯದನ್ನು ಇಂದಿನ ಮಾರಾಟಶಾಸ್ತ್ರದ ಪಾಠಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಸುಳ್ಯ ತಾಲ್ಲೂಕಿನ ಕೊಲ್ಲಮೊಗ್ರುವಿನಂಥ ಘಟ್ಟದ ಬುಡದ ಊರಲ್ಲಿ ಈ ಪ್ರಶ್ನೆ ಅಡಿಕೆಯ ರೂಪದಲ್ಲಿದೆ. ಇಲ್ಲಿನ ಚಾಲಿ ಅಡಿಕೆ ಅಂಗಳದಲ್ಲಿ ಒಂದೂವರೆ ತಿಂಗಳ ಹತ್ತಿರ ಬಿಸಿಲು ಕಾಯ್ದು, ಸಿಪ್ಪೆ ಸುಲಿಸಿಕೊಂಡು, ಗೋಣಿ ಸೇರುತ್ತದೆ. ಪಟೋರ, ಕೋಕ, ಕರಿಗೋಟು ಎಂಬ ದರ್ಜೆಗಳು ಬೇರೆ ಬೇರೆ. ಅಂಗಡಿಯವನು ಗೋಣಿಯ ನಡುವಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಕತ್ತರಿಸಿ, ಒಳಗಿನ ಬಣ್ಣ ನೋಡಿ ದರ ಹೇಳುತ್ತಾನೆ. ಒಣಗದ ಅಡಿಕೆ ಬೆರೆಸಿದ್ದರೆ ಅಲ್ಲೇ ಬಯಲು. 1970ರ ದಶಕದ ಆರಂಭದಲ್ಲಿ ದರ ಕುಸಿದು ಬೆಳೆಗಾರ ಕೈಚೆಲ್ಲಿ ಕೂತಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಬೆಳೆಗಾರನಿಗೂ ದೂರದ ಪೇಟೆಗೂ ನಡುವಿನ ದಾರಿಯನ್ನು ಅದು ಸರಿಪಡಿಸಿತು. ಯಾರ ಬಾಯಲ್ಲೂ ಹೊಸ ಚಟ ಹುಟ್ಟಿಸದೆ ಮಾರಾಟ ಸುಧಾರಿಸಿದ್ದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಇಲ್ಲೊಂದು ಗೆರೆ ಎಳೆಯಬಹುದು. ಕೊಳ್ಳುವವರು ದಾರಿಯಲ್ಲಿ ಬಿಟ್ಟುಹೋಗುವುದಕ್ಕೆ ಕಾರಣ ಎರಡು ಬಗೆ. ಮಾಲು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದಿರುವುದು, ದರದಲ್ಲಿ ಗೊಂದಲ, ಗುಣಮಟ್ಟದ ಬಗ್ಗೆ ಅನುಮಾನ, ಇವು ಅಡಚಣೆಗಳು. ತೆಗೆದುಹಾಕಿದರೆ ಇಬ್ಬರಿಗೂ ಉಪಕಾರ. ಇನ್ನೊಂದು, ‘ಇದು ನನಗೆ ಬೇಡ’ ಎಂಬ ಕೊಳ್ಳುವವನ ವಿವೇಕ. ಅಂಕಿಅಂಶದ ಪಟ್ಟಿಯಲ್ಲಿ ಎರಡೂ ಒಂದೇ ಬಗೆಯ ನಷ್ಟವಾಗಿ ಕಾಣುತ್ತವೆ. ಎರಡನೆಯದನ್ನೂ ಸೋರಿಕೆಯೆಂದು ಬಗೆದು ಮುಚ್ಚಿದರೆ ಆಗುವುದು ಕಳವು. ಕದ್ದದ್ದು ಹಣವಲ್ಲ, ನಿರ್ಧಾರ.

ಅಡಿಕೆಯ ಮುಂದಿನ ಪ್ರಯಾಣದಲ್ಲಿ ಆದದ್ದು ಇದೇ. ಊರಿನ ಮನೆಯಲ್ಲಿ ಬಂದವರಿಗೆ ಬೆಲ್ಲ–ನೀರು ಕೊಟ್ಟು ವೀಳ್ಯದ ಹರಿವಾಣ ಮುಂದಿಡುವಾಗ ಬೇಡವೆನ್ನುವ ಸ್ವಾತಂತ್ರ್ಯ ಅತಿಥಿಗಿದೆ. ಗುಟ್ಕಾದ ಪೊಟ್ಟಣದಲ್ಲಿ ಅದಿರಲಿಲ್ಲ: ಅಗ್ಗ, ಕೈಗೆಟುಕುವಂತೆ ಅಂಗಡಿ ಮುಂದೆಯೇ ಮಾಲೆ, ಒಳಗೆ ತಂಬಾಕು. ಅಡಿಕೆಯೊಂದೇ ಆದರೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಹೇಳಿತು. ಬೆಳೆಗಾರರು ಅದನ್ನು ಒಪ್ಪಿಲ್ಲ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಕ್ಕಪಕ್ಕ ತೂಗಿದವು. ಪರದೆಯ ಮೇಲೆ ಆ ಪಾನ್ ಮಸಾಲಾದ ಹೆಸರಿನಲ್ಲೇ ಏಲಕ್ಕಿಯ ಜಾಹೀರಾತು. ಫನಲ್‌ನ ಲೆಕ್ಕದಲ್ಲಿ ಇದು ಜಾಣ್ಮೆಯೇ ಸರಿ.

ಹಾಗಾದರೆ ಕೊಲ್ಲಮೊಗ್ರುವಿನ ಅಂಗಳದಲ್ಲಿ ಅಡಿಕೆ ಹರವುವವನ ಪಾಲೆಷ್ಟು? ಜೈನರ ತತ್ತ್ವಾರ್ಥಸೂತ್ರ ಕ್ರಿಯೆಯನ್ನು ಮೂರಾಗಿ ಬಿಡಿಸುತ್ತದೆ: ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸಿದ್ದು ಅನುಮತ. ಕಳ್ಳತನದಿಂದ ದೂರವಿರುವ ವ್ರತದ ಅತಿಚಾರಗಳಲ್ಲಿ ಸುಳ್ಳು ಅಳತೆ, ಕಲಬೆರಕೆಗಳನ್ನೂ ಅದೇ ಗ್ರಂಥ ಸೇರಿಸುತ್ತದೆ. ಈ ಅಳತೆಯಲ್ಲಿ ಪೊಟ್ಟಣದವನದು ಕೃತ, ಜಾಹೀರಾತು ಬರೆಸುವವನದು ಕಾರಿತ. ಬೆಳೆಗಾರ ಬೆಳೆದದ್ದು ಅಡಿಕೆ, ಚಟವಲ್ಲ. ಆದರೆ ಪೊಟ್ಟಣದ ಬೇಡಿಕೆಯಿಂದ ದರ ಏರಿದ್ದಕ್ಕೆ ಅವನು ಖುಷಿಪಟ್ಟರೆ ಅನುಮತದ ಒಂದು ಚೂರು ಅವನ ಪಾಲಿಗೂ ಬರುತ್ತದೆ. ಆ ಚೂರನ್ನು ಇಡೀ ಪಾಪವೆಂದು ಅವನ ತಲೆಗೆ ಕಟ್ಟುವುದು ಅನ್ಯಾಯ, ಹಳದಿ ಎಲೆ ರೋಗದಿಂದ ತೋಟ ಸೊರಗಿದ ತಾಲ್ಲೂಕಿನಲ್ಲಂತೂ ಇನ್ನೂ ಅನ್ಯಾಯ. ಬೆಳೆ ಬಿಡಲು ಅವನಿಗೆ ಸುಲಭದ ದಾರಿಯಿಲ್ಲ. ಏಲಕ್ಕಿಯ ಜಾಹೀರಾತು ಬರೆಯುವವನಿಗೆ ಆ ಕಟ್ಟೂ ಇಲ್ಲ, ಬೇಕಾದರೆ ಅವನು ನಾಳೆಯೇ ಸೋಪು ಮಾರಬಲ್ಲ.