ಕಾಯುವ ಪಾಠ

ನಾಸಿಕದಲ್ಲಿ ನನ್ನ ಮಗಳ ತರಗತಿಯಲ್ಲಿ ‘ನೀಟ್’ ತಯಾರಿಗೆ ಈಗ ವಿಡಿಯೋ ಪಾಠ. ತಿಳಿಯದಿದ್ದರೆ ನಿಲ್ಲಿಸಿ ಮತ್ತೆ ನೋಡಬಹುದು. 1975-76ರಲ್ಲಿ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದ ಟಿ.ವಿ. ಪಾಠ ಯಾರಿಗಾಗಿಯೂ ಕಾಯುತ್ತಿರಲಿಲ್ಲ, ಇದು ಕಾಯುತ್ತದೆ. ಒಳ್ಳೆಯದೇ.

ಆದರೆ ಪರೀಕ್ಷೆ ಕಾಯದು: 180 ಪ್ರಶ್ನೆಗೆ 180 ನಿಮಿಷ. ಮಗಳು ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾಳೆ. ಛತ್ರಪತಿ ಸಂಭಾಜಿನಗರದಲ್ಲಿರುವ ತಂಗಿಯ ಮಗ ಮೂರು ಸಲ ನೋಡುತ್ತಾನೆ. “ಪಕ್ಕದವರನ್ನು ಕೇಳಬಾರದೇನೋ?” ಎಂದೆ. “ಎಲ್ಲರ ಕಿವಿಗೂ ಹೆಡ್‌ಫೋನ್ ಇರತ್ತೆ ಮಾಮಾ.”

ನಮ್ಮ ಕಾಲದಲ್ಲಿ ಒಬ್ಬ ದಡ್ಡ ಕೈಯೆತ್ತಿ ಕೇಳಿದರೆ, ನಾಚಿ ಕುಳಿತ ಹತ್ತು ಮಂದಿಗೂ ಉತ್ತರ ಸಿಗುತ್ತಿತ್ತು. ಜಾಣರು ಗೊಣಗಿದರೂ ಕಾಯುತ್ತಿದ್ದರು. ಆ ದಡ್ಡ ನಾನೇ. ಜಾಣರ ಆ ಹೊತ್ತು ನನಗೆ ಸಿಕ್ಕ ದಾನವೋ, ನನ್ನ ಹಕ್ಕೋ?

ಭಾನುವಾರ ಅವನಿಗೆ ಫೋನಿನಲ್ಲಿ ಒಂದು ಪಾಠ ಹೇಳಿಕೊಡಮ್ಮ ಎಂದೆ. “ಪರೀಕ್ಷೆಯಲ್ಲಿ ಅವನೂ ಸ್ಪರ್ಧಿಯೇ ಅಲ್ಲವೇನಪ್ಪಾ?” ಎಂದಳು.