ತೃಣಾವರ್ತನ ದಾರಿಯಲ್ಲಿ ಮನೆ ಕಟ್ಟಿದವರು

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಬರುವ ತೃಣಾವರ್ತನ ಪ್ರಸಂಗವನ್ನು ಕೇಳದವರು ವಿರಳ. ಕಂಸಪ್ರೇರಿತನಾದ ಆ ಅಸುರನು ಸುಂಟರಗಾಳಿಯ ರೂಪದಲ್ಲಿ ಬಂದು, ಗೋಕುಲವನ್ನೆಲ್ಲ ಧೂಳಿನಿಂದ ಮುಚ್ಚಿ, ಭಾರ ತಾಳಲಾರದೆ ಯಶೋದೆಯು ನೆಲಕ್ಕಿಳಿಸಿದ್ದ ಕೂಸನ್ನು ಆಕಾಶಕ್ಕೆ ಒಯ್ದನು. ಮಗುವು ಮರಳಿ ದೊರೆಯಿತು. ನಮ್ಮ ಕೀರ್ತನಕಾರರು ಸಾಮಾನ್ಯವಾಗಿ ಇಲ್ಲಿಗೆ ಮಂಗಳ ಹಾಡುತ್ತಾರೆ. ಆದರೆ ಭಾಗವತವು ಈ ಗಾಳಿಯನ್ನು ಮುಂದೆ ಮತ್ತೊಮ್ಮೆ ನೆನೆಯುತ್ತದೆ. ವಯೋವೃದ್ಧನೂ ಜ್ಞಾನವೃದ್ಧನೂ ಆದ ಉಪನಂದನು ಗೋಪರ ಸಭೆಯಲ್ಲಿ ಎದ್ದು, ಪೂತನಿ, ಉರುಳಿದ ಬಂಡಿ, ಸುಂಟರಗಾಳಿ, ಮುರಿದುಬಿದ್ದ ಮರಗಳು ಎಂದು ಬಂದ ಉತ್ಪಾತಗಳನ್ನು ಎಣಿಸುತ್ತಾನೆ. ಬಾಲಕನು ಹರಿಯ ಅನುಗ್ರಹದಿಂದ ಉಳಿದನೆಂದು ನುಡಿದ ಬಾಯಿಂದಲೇ, ಇನ್ನು ಇಲ್ಲಿರುವುದು ಬೇಡವೆನ್ನುತ್ತಾನೆ. ಗೋಪರು ಅಂದೇ ಬಂಡಿ ಹೂಡುತ್ತಾರೆ.

ಹಾಗಾದರೆ, ಬಿಡದೆ ಉಳಿಯುವವರನ್ನು ಏನೆನ್ನಬೇಕು?

ಅಮೆರಿಕದ ಕಾನ್ಸಾಸ್ ಪ್ರಾಂತದ ಕೋಡೆಲ್ ಎಂಬ ಪುಟ್ಟ ಊರಿಗೆ 1916, 1917, 1918ರಲ್ಲಿ ಸಾಲಾಗಿ ಮೂರು ವರ್ಷ, ಅದೂ ಮೇ 20ರಂದೇ, ಸುಂಟರಗಾಳಿ ಬಡಿಯಿತು. ಒಕ್ಲಹಾಮದ ಮೂರ್ ನಗರವು 1999, 2003, 2013ರಲ್ಲಿ ಏಟು ತಿಂದಿತು. ಜನರು ಅಲ್ಲಿಯೇ ಇದ್ದಾರೆ. ಇವರಿಗೆ ವಿವೇಕವಿಲ್ಲವೆನ್ನುವುದು ಸುಲಭ. ಆದರೆ ಸಮುದ್ರದಿಂದ ಬರುವ ತೇವದ ಗಾಳಿಯೂ ಪರ್ವತಗಳ ಕಡೆಯಿಂದ ಬರುವ ಒಣಗಾಳಿಯೂ ಸಂಧಿಸುವ ಆ ಬಯಲಿನಲ್ಲಿ, ಗೋಧಿಗೆ ಮಳೆ ಕರೆಯುವ ಮೇಘವೂ ಮನೆಯನ್ನು ಕೀಳುವ ಮೇಘವೂ ಒಂದೇ ಕುಲದವು. ಗೋಪರ ಸಂಪತ್ತು ಗೋವುಗಳು. ಅವು ತಮ್ಮ ಕಾಲಿನಿಂದಲೇ ನಡೆದು ಬಂದವು. ಹೊಲವು ನಡೆಯುವುದಿಲ್ಲ. ಹೊಟ್ಟೆಪಾಡಿಗಾಗಿ ತಾಯ್ನೆಲ ಬಿಟ್ಟು ದೂರದೂರುಗಳಿಗೆ ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯ ರೈತನಿಗಂತೂ ಹೂಡಲು ಬಂಡಿಯಿದ್ದರೂ ಹೋಗಲು ಬೃಂದಾವನವಿಲ್ಲ. 1989ರ ಏಪ್ರಿಲ್ 26ರಂದು ದೌಲತ್‌ಪುರ, ಸಾಟುರಿಯಾಗಳ ಮೇಲೆ ಹಾಯ್ದ ಸುಂಟರಗಾಳಿಯಲ್ಲಿ ಸುಮಾರು 1300 ಜನ ಮಡಿದರು. ಒಂದೇ ಸುಂಟರಗಾಳಿಗೆ ಇಷ್ಟು ಜನ ಬಲಿಯಾದ ಬೇರೆ ದಾಖಲೆಯಿಲ್ಲ.

ಇಂಥ ಸುದ್ದಿ ಬಂದಾಗ ‘ಅವರವರ ಪ್ರಾರಬ್ಧ’ ಎಂದು ನಿಟ್ಟುಸಿರು ಬಿಡುವ ಆಸ್ತಿಕರುಂಟು. ಪ್ರಾರಬ್ಧವೆಂಬುದು ಮನುಷ್ಯನು ತನ್ನ ದುಃಖವನ್ನು ತಾನು ನುಂಗಿಕೊಳ್ಳಲು ಹಿರಿಯರು ಕೊಟ್ಟ ಮಾತು. ಅದನ್ನು ಪರರ ಮನೆಯ ಹೆಣದ ಮುಂದೆ ಆಡುವುದು ಭಕ್ತಿಯಲ್ಲ, ಕಠೋರತೆ. 2013ರಲ್ಲಿ ಮೂರ್ ನಗರದಲ್ಲಿ ಸತ್ತ 24 ಜನರಲ್ಲಿ ಏಳು ಮಂದಿ ಒಂದೇ ಪ್ರಾಥಮಿಕ ಶಾಲೆಯ ಮಕ್ಕಳು. ಯಾವ ಕರ್ಮದ ಲೆಕ್ಕವನ್ನು ಅವರ ತಾಯಂದಿರ ಮುಂದೆ ಬಿಚ್ಚೋಣ?

ಅಲ್ಲದೆ, ಲೆಕ್ಕವೂ ಬೇರೆಯೇ ಇದೆ. 1999ರಲ್ಲಿ ಮೂರ್ ನಗರವನ್ನು ಹೊಕ್ಕ ಗಾಳಿಯ ವೇಗವು ಗಂಟೆಗೆ ಸುಮಾರು 480 ಕಿಲೋಮೀಟರನ್ನು ಮುಟ್ಟಿತ್ತು. ಅದರ ನೇರ ಹೊಡೆತಕ್ಕೆ ಸತ್ತವರು 36. ಇಲ್ಲಿ 36, ಅಲ್ಲಿ 1300! ಈ ಅಂತರವು ಪಾಪಪುಣ್ಯಗಳದ್ದಲ್ಲ. ಒಂದೆಡೆ ಮುನ್ನೆಚ್ಚರಿಕೆಯಿತ್ತು, ಅಡಗಲು ಆಸರೆಗಳಿದ್ದವು. ಇನ್ನೊಂದೆಡೆ ಬಿದಿರು ತಗಡುಗಳ ಗುಡಿಸಲುಗಳಿದ್ದವು. ದೈವದ ಪಾಲೆಂದು ನಾವು ಕೈಮುಗಿಯುವುದರಲ್ಲಿ ಬಹಳಷ್ಟು ಬಡತನದ ಪಾಲು.

ಮೂರ್ ನಗರದವರು ಊರು ಬಿಡಲಿಲ್ಲ. 2014ರಲ್ಲಿ ಅವರು, ಹೊಸ ಮನೆಗಳು ಗಂಟೆಗೆ 135 ಮೈಲಿ ವೇಗದ ಗಾಳಿಯನ್ನು ತಾಳುವಂತಿರಬೇಕೆಂದು ನಿಯಮ ಮಾಡಿದರು. ಏಳು ಮಕ್ಕಳನ್ನು ಕಳೆದುಕೊಂಡ ಆ ಶಾಲೆಯೂ ಅದೇ ವರ್ಷ, ಅದೇ ನೆಲದ ಮೇಲೆ, ಒಳಗೆ ಭದ್ರವಾದ ಆಸರೆಯ ಕೋಣೆಯೊಡನೆ ಮತ್ತೆ ತೆರೆಯಿತು.